ಫೋನಿಗೆ ಇಳಿಸಿದ ಟೀಚರ್ ಆಂಟಿಯ ಪಾಠ

ಸಿಂಗಪುರದ ಬೆವರು ಸುರಿಯುವ ಮಧ್ಯಾಹ್ನದಲ್ಲೂ ಟೀಚರ್ ಆಂಟಿಯ ಕುತ್ತಿಗೆಗೆ ಹತ್ತಿಯ ಸ್ಕಾರ್ಫ್ ಸುತ್ತಿರುತ್ತಿತ್ತು. ಅದರಡಿ ಆಪರೇಶನ್ನಿನ ಗಾಯ, ಕಿವಿಯ ಬುಡದಿಂದ ಗಂಟಲಿನವರೆಗೆ. ನನ್ನ ಮಗಳಿಗೆ ಸಂಗೀತ ಹೇಳಿಕೊಟ್ಟವರು ಅವರು. ಸೆಂಗ್‌ಕಾಂಗ್‌ನ ನಮ್ಮ ಬ್ಲಾಕಿನಲ್ಲೇ ಮೇಲಿನ ಮಹಡಿಯಲ್ಲಿದ್ದರು. ಮಕ್ಕಳೆಲ್ಲ ಟೀಚರ್ ಆಂಟಿ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ತಾಳ ತಪ್ಪಿದ ಮಗುವಿನ ಪುಟ್ಟ ಕೈ ಹಿಡಿದು ತಮ್ಮ ತೊಡೆಯ ಮೇಲೇ ತಾಳ ಹಾಕಿಸುತ್ತಿದ್ದರು. ಯಾರಾದರೂ ಓಡಿಸಿಕೊಂಡು ಹಾಡಿದರೆ, "ಯಾಕಷ್ಟು ಅವಸರ? ಎಮ್ಆರ್‌ಟಿ ರೈಲು ತಪ್ಪಿಹೋಗತ್ತಾ?" ಅನ್ನುತ್ತಿದ್ದರು. ಪಾಠ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಚಕ್ಕುಲಿ.

ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದಾಗ, ಆಪರೇಶನ್ನಿಗೆ ಮುಂಚೆ ಲ್ಯಾಪ್‌ಟಾಪ್ ಮುಂದೆ ಕೂತು, ಸರಳೆ ವರಸೆಯಿಂದ ಗೀತೆಗಳವರೆಗೆ ಎಲ್ಲ ಪಾಠವನ್ನೂ ಹಾಡಿ ರೆಕಾರ್ಡ್ ಮಾಡಿಟ್ಟರು. ಆಮೇಲೆ ಉಳಿದದ್ದು ಪಿಸುಮಾತು ಮಾತ್ರ.

ಆಸ್ಪತ್ರೆಯಿಂದ ಬಂದು ಸುಧಾರಿಸಿಕೊಂಡ ಮೇಲೆ ನನ್ನನ್ನು ಕರೆಸಿದರು. ಪಾಠಗಳನ್ನು ಫೋನಿಗೆ ಹಾಕಿಕೊಂಡು ಮತ್ತೆ ಮಕ್ಕಳ ನಡುವೆ ಕೂರುವ ಆಸೆ. ಆದರೆ ಕೇಬಲ್ ಚುಚ್ಚಿದರೂ ಲ್ಯಾಪ್‌ಟಾಪಿನಲ್ಲಿ ಫೋನು ಕಾಣುತ್ತಿರಲಿಲ್ಲ. ಅದು ಬರೀ ಚಾರ್ಜಿಂಗಿನ ಕೇಬಲ್. ನನ್ನದನ್ನು ತಂದು ಚುಚ್ಚಿದೆ, ಕಂಡಿತು. ಪಾಠಗಳನ್ನು ಫೋನಿಗೆ ಕಳಿಸಲು ಸಿಂಕ್ ಒತ್ತಿದಾಗ ಎಚ್ಚರಿಕೆಯೊಂದು ಬಂತು: ಈ ಫೋನು ಬೇರೊಂದು ಕಂಪ್ಯೂಟರಿಗೆ ಜೋಡಿಸಿದ್ದು, ಮುಂದುವರಿದರೆ ಇದರಲ್ಲಿರುವ ಹಾಡುಗಳೆಲ್ಲ ಅಳಿಸಿಹೋಗುತ್ತವೆ.

"ಆಂಟಿ, ಫೋನಲ್ಲಿ ಯಾವ್ ಹಾಡಿದೆ?"

"ನಂದೇ. ಮೈಸೂರಲ್ಲಿ ಮಾಡಿದ ಕಚೇರಿಗಳು. ಆ ಕಂಪ್ಯೂಟರ್ ಕೆಟ್ಟು ಎಷ್ಟೋ ವರ್ಷ ಆಯ್ತು. ಇನ್ನೆಲ್ಲೂ ಇಲ್ಲ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಪರದೆಯನ್ನೇ ನೋಡುತ್ತಾ ಪಿಸುಗುಟ್ಟಿದರು: "ಒತ್ತಮ್ಮ. ಹೋದ್ರೆ ಹೋಗ್ಲಿ. ಶನಿವಾರ ಮಕ್ಕಳು ಬರ್ತಾರೆ."

ನನಗೆ ಒತ್ತಲಾಗಲಿಲ್ಲ. ಸಿಂಕ್ ಕ್ಯಾನ್ಸಲ್ ಮಾಡಿ, ಒಂದೊಂದೇ ಪಾಠವನ್ನು ಇಂಟರ್ನೆಟ್ಟಿಗೆ ಏರಿಸಿ ಅಲ್ಲಿಂದ ಫೋನಿಗೆ ಇಳಿಸಿದೆ. ಮುಗಿಯುವಾಗ ಸಂಜೆಯಾಗಿತ್ತು. ಕಚೇರಿಯೂ ಉಳಿಯಿತು, ಪಾಠವೂ ಬಂತು.

ಶನಿವಾರ ಫೋನು ಒಂದು ಸಾಲು ಹಾಡಿತು. ಅವರು ನಿಲ್ಲಿಸಿದರು, ಮಕ್ಕಳು ಹಾಡಿದರು. "ಆಂಟಿ, ಒನ್ಸ್ ಮೋರ್ ಲಾ!" ಎಂದು ಮಕ್ಕಳು ಸಿಂಗಪುರದ ಧಾಟಿಯಲ್ಲಿ ಕೇಳಿದರೆ ನಗುತ್ತಾ ಮತ್ತೆ ಹಾಕುತ್ತಿದ್ದರು. ಆದರೆ ಆ ಕಚೇರಿಗಳನ್ನು ಅವರು ಹಾಕಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಯಾಕೆ ಎಂದು ವಿಚಾರಿಸಿದ್ದಕ್ಕೆ, "ಇದೆ ಅನ್ನೋದು ಸಾಕಮ್ಮ. ಕೇಳೋ ಧೈರ್ಯ ಇಲ್ಲ," ಎಂದರು.

ಕಾಯಿಲೆ ಮರಳಿ ಬಂತು. ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು.

ಮೊನ್ನೆ ಮಗಳು ತನ್ನಷ್ಟಕ್ಕೆ ಗೀತೆಯೊಂದನ್ನು ಹಾಡಿಕೊಳ್ಳುತ್ತಿದ್ದಳು. ಎರಡನೆಯ ಸಾಲಿಗೆ ಮುಂಚೆ ಸಣ್ಣಗೆ ಕೆಮ್ಮಿದಳು. ಮತ್ತೆ ಹಾಡಿದಾಗಲೂ ಅಲ್ಲೇ ಕೆಮ್ಮು.

"ಗಂಟಲು ನೋವಾ ಪುಟ್ಟಿ?"

"ನೋ ಅಮ್ಮ. ಟೀಚರ್ ಆಂಟಿ ಹೀಗೇ ಹೇಳ್ಕೊಟ್ಟಿರೋದು."

ರೆಕಾರ್ಡ್ ಮಾಡುವಾಗ ಅವರಿಗೆ ಅಲ್ಲಿ ಕೆಮ್ಮು ಬಂದಿರಬೇಕು. ನಾನು ಅವಳನ್ನು ತಿದ್ದಲಿಲ್ಲ.