ಕುಲುಮೆಯವನ ಗೊರಕೆ

ನನ್ನ ತಮ್ಮ ಬೆಳಿಗ್ಗೆ ಎದ್ದನೆಂದರೆ ಮನೆಯಲ್ಲಿ ಏನಾದರೊಂದು ಒಡೆಯುತ್ತಿತ್ತು. ಒಂದು ದಿನ ಲೋಟ, ಒಂದು ದಿನ ಕನ್ನಡಿ, ಇನ್ನೊಂದು ದಿನ ಹೆಂಡತಿಯ ತುಟಿ. "ತಲೆ ಸಿಡೀತಿದೆ" ಅನ್ನುವುದೇ ಅವನ ಮೊದಲ ಮಾತು. ನನ್ನ ಗಂಡ ತೀರಿಹೋದಮೇಲೆ ನಾನೂ ಆ ಮನೆಯಲ್ಲೇ ಇದ್ದೆ. ಒಡೆದದ್ದನ್ನು ಗುಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅವನು ಕಮ್ಮಾರ. ಜನ ಇಟ್ಟ ಹೆಸರು ಗೂಳಿ. ಕತ್ತು ಎಲ್ಲಿ ಮುಗಿಯಿತು, ಭುಜ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ರಾತ್ರಿ ಕುಡಿದು ಮಲಗಿದನೆಂದರೆ ಅವನ ಗೊರಕೆಗೆ ತಗಡಿನ ಬಾಗಿಲು ನಡುಗುತ್ತಿತ್ತು.

"ನಿಮ್ಮ ತಮ್ಮ ನಿದ್ದೆ ಮಾಡ್ತಾನೋ, ಯಾರನ್ನಾದ್ರೂ ಕೊಲೆ ಮಾಡ್ತಾನೋ?" ಎಂದು ಪಕ್ಕದ ಮನೆಯ ದರ್ಜಿ ಕೇಳುತ್ತಿದ್ದ. ನಾವು ನಗುತ್ತಿದ್ದೆವು. ಗೊರಕೆ ಹೊಡೆಯುವವನಿಗೆ ಗಡದ್ದಾಗಿ ನಿದ್ದೆ ಬಂದಿದೆ ಅಂತಲೇ ನಮ್ಮ ತಿಳಿವಳಿಕೆ. ನಡುನಡುವೆ ಆ ಸದ್ದು ತಟ್ಟನೆ ನಿಲ್ಲುತ್ತಿತ್ತು. ಯಾರೋ ಕತ್ತು ಹಿಸುಕಿದ ಹಾಗೆ ಒದ್ದಾಡಿ ಗಕ್ಕನೆ ಉಸಿರೆಳೆದುಕೊಳ್ಳುತ್ತಿದ್ದ. ಕೆಟ್ಟ ಕನಸು ಅಂದುಕೊಂಡೆವು. ಹಗಲೆಲ್ಲ ಕೂತಲ್ಲೇ ತೂಕಡಿಕೆ. ಅನ್ನದ ತಟ್ಟೆಗೇ ಹಣೆ ತಾಗುತ್ತಿತ್ತು.

ಕುಲುಮೆಯಲ್ಲಿ ಅವನ ಜೊತೆ ಸಮ್ಮಟಿಗೆ ಅನ್ನುವ ದೊಡ್ಡ ಸುತ್ತಿಗೆ ಎತ್ತುತ್ತಿದ್ದವನು ಭಾಮೈದ, ಅಂದರೆ ಹೆಂಡತಿಯ ತಮ್ಮ. ನನ್ನ ತಮ್ಮ ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಟಕ್ ಅಂತ ತಟ್ಟುತ್ತಾನೆ. ಅದು ತಟ್ಟಿದ ಜಾಗಕ್ಕೇ ಭಾಮೈದನ ಸಮ್ಮಟಿಗೆ ಬೀಳಬೇಕು. ಬಾಯಿಮಾತು ಇಲ್ಲವೇ ಇಲ್ಲ. ಒಮ್ಮೆ ಸುತ್ತಿಗೆ ಎಲ್ಲೋ ಅಂಚಿಗೆ ಬಿತ್ತೆಂದು ಭಾಮೈದ ಸಮ್ಮಟಿಗೆಯನ್ನು ಗಾಳಿಯಲ್ಲೇ ತಡೆದ. ಕಬ್ಬಿಣ ಆರಿಹೋಯಿತು. ತಮ್ಮ ಇಕ್ಕಳದಿಂದಲೇ ಅವನ ಕಿವಿಗೆ ಬಾರಿಸಿದ.

"ಯೋಚನೆ ಮಾಡು ಅಂತ ನಿನಗ್ಯಾರು ಹೇಳಿದ್ರೋ? ನಾನು ತಟ್ಟಿದ ಕಡೆ ನೀನು ಬಡಿ, ಅಷ್ಟೇ."

"ಆಯ್ತು ಭಾವ," ಅಂದ ಅವನು, ರಕ್ತ ಒರೆಸಿಕೊಳ್ಳುತ್ತ.

ಆಮೇಲೆ ಒಂದು ಮಧ್ಯಾಹ್ನ, ಊಟ ಮುಗಿಸಿ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದರು. ನಾನು ನೀರಿನ ಕೊಡ ಇಡಲು ಹೋಗಿದ್ದೆ. ತಮ್ಮನ ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣೊಳಗೆ ಅವನಿರಲಿಲ್ಲ. ಸುತ್ತಿಗೆ ಮಾತ್ರ ರೂಢಿಯ ಮೇಲೆ ಏಳುತ್ತ ಬೀಳುತ್ತ ಇತ್ತು. ಇಕ್ಕಳ ಸಡಿಲವಾಗಿ ಎಡಗೈ ಅಡಿಗಲ್ಲಿನ ಮೇಲೆ ಜಾರಿತು. ಸುತ್ತಿಗೆ ಅದರ ಮಗ್ಗುಲಲ್ಲೇ ಟಕ್ ಅಂದಿತು. ಸಮ್ಮಟಿಗೆ ಅಲ್ಲಿಗೇ ಬಂದು ಬಿತ್ತು.

ಎರಡು ಬೆರಳು ಅಲ್ಲೇ ಅಪ್ಪಚ್ಚಿಯಾದವು. ತಮ್ಮ ಚೀರಲಿಲ್ಲ. ಬೆಂಕಿಯಿಂದ ಕೆಂಪಗೆ ಕಾದ ಸಲಾಕೆ ಎಳೆದುಕೊಂಡು ಭಾಮೈದನ ಮೇಲೆ ಬಿದ್ದ. ಅಂಗಿ ಸುಟ್ಟು ಭುಜದ ಚರ್ಮ ಚುರ್ ಅಂದಿತು. "ಬೇಕಂತಲೇ ಹೊಡೆದೆ ನೀನು. ನಿನ್ನಕ್ಕನ ಸೇಡು ತೀರಿಸ್ಕೊಂಡೆ." ನಾನು ಕೊಡದ ನೀರನ್ನು ತಮ್ಮನ ಮುಖಕ್ಕೆ ಎರಚದಿದ್ದರೆ ಅವತ್ತೇ ಒಂದು ಹೆಣ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಕೈ ಹೊಲಿಯಲು ಮತ್ತು ಬರುವ ಮದ್ದು ಕೊಟ್ಟರು. ಆ ಮದ್ದು ಕೊಟ್ಟ ಡಾಕ್ಟರಮ್ಮ ಮತ್ತಿನಲ್ಲಿ ಅವನ ಉಸಿರು ಕಟ್ಟುವುದನ್ನು ಕಂಡು, ಆಮೇಲೆ ಹೊರಗೆ ಬಂದು ನಮ್ಮನ್ನು ಕೂರಿಸಿಕೊಂಡರು.

"ಮನೇಲಿ ಗೊರಕೆ ಹೊಡೀತಾರಾ? ನಡುವೆ ಉಸಿರು ನಿಲ್ಲುತ್ತಾ?"

"ನಿಲ್ಲುತ್ತಮ್ಮ, ದಿನಾ," ಅಂದೆ ನಾನು.

"ಮಲಗಿದಾಗ ಇವರ ಗಂಟಲು ಸಡಿಲವಾಗಿ ಮುಚ್ಚಿಕೊಳ್ಳುತ್ತೆ. ಕತ್ತು ದಪ್ಪ, ನಾಲಿಗೆ ಹಿಂದಕ್ಕೆ ಬೀಳುತ್ತೆ. ಕುಡಿದಿದ್ರೆ ಇನ್ನೂ ಜಾಸ್ತಿ. ಉಸಿರು ಕಟ್ಟಿದ ತಕ್ಷಣ ಮೆದುಳು ಎಚ್ಚರ ಮಾಡುತ್ತೆ. ರಾತ್ರಿಯೆಲ್ಲ ಇದೇ. ನಿದ್ದೆ ಅನ್ನೋದೇ ಆಗಿಲ್ಲ ಇವರಿಗೆ. ಅದಕ್ಕೇ ತಲೆನೋವು, ತೂಕಡಿಕೆ, ಸಿಡುಕು."

ತಮ್ಮನ ಹೆಂಡತಿ ತುಟಿಯ ಗಾಯ ಮುಟ್ಟಿಕೊಂಡಳು. "ಹೊಡೆಯೋದೂ ಆ ಕಾಯಿಲೆನಾ?"

"ಸಿಡುಕು ಕಾಯಿಲೆದು. ಕೈ ಇವರದು," ಎಂದರು ಡಾಕ್ಟರಮ್ಮ.

ಮೈಗೆ ವೈರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಆಮೇಲೆ ಒಂದು ಮೆಷಿನ್ ಕೊಟ್ಟರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡರೆ ಅದು ಕೊಳವೆಯಲ್ಲಿ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಕುಡಿತ ಬಿಡಬೇಕು, ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು ಎಂದರು.

"ಅವತ್ತು ಕುಲುಮೇಲಿ ನಾನು ನಿದ್ದೆ ಮಾಡಿಲ್ಲ, ಕಣ್ಣು ಬಿಟ್ಕೊಂಡೇ ಇದ್ದೆ," ಅಂದ ತಮ್ಮ. "ಬ್ಯಾಂಡೇಜ್ ಬಿಚ್ಚಲಿ. ಅವನ ಎರಡೂ ಕೈ ಮುರೀತೀನಿ."

ಮೊದಲ ರಾತ್ರಿ ಮಾಸ್ಕನ್ನು ಗೋಡೆಗೆ ಎಸೆದ. ಹೆಂಡತಿ ಎತ್ತಿಕೊಂಡು ಬಂದು ಕಟ್ಟಿದಳು. ಕಿತ್ತು ಅವಳ ಕೆನ್ನೆಗೆ ಹೊಡೆದ. ಅವಳು ಅವನ ಎದೆಯ ಮೇಲೆ ಮಂಡಿ ಊರಿ ಮತ್ತೆ ಕಟ್ಟಿದಳು. "ಇನ್ನೊಂದು ಹೊಡೀರಿ. ಆದ್ರೆ ಇದನ್ನ ಬಿಚ್ಚಲ್ಲ." ನಾನು ಅವನ ಕಾಲು ಅದುಮಿ ಹಿಡಿದಿದ್ದೆ. ಒದ್ದೂ ಒದ್ದೂ ಸುಸ್ತಾಗಿ ಮಲಗಿದ. ಮನೆಯಲ್ಲಿ ಸದ್ದೇ ಇಲ್ಲ. ಹೆದರಿ ಎದೆ ಮುಟ್ಟಿ ನೋಡಿದೆ, ಏಳುತ್ತ ಇಳಿಯುತ್ತ ಇತ್ತು. ದಿನ ಕಳೆದಂತೆ ಬೆಳಗಿನ ತಲೆನೋವು ಕಡಿಮೆಯಾಯಿತು. ಸೇಡು ಕಡಿಮೆಯಾಗಲಿಲ್ಲ.

ಬ್ಯಾಂಡೇಜ್ ಬಿಚ್ಚಿದ ದಿನವೇ ಸಲಾಕೆ ಹಿಡಿದು ಭಾಮೈದನ ಮನೆಗೆ ಹೊರಟ. ನಾವಿಬ್ಬರೂ ಹಿಂದೆ ಓಡಿದೆವು. ಭಾಮೈದ ಹೊಸ್ತಿಲಲ್ಲೇ ನಿಂತಿದ್ದ. ಓಡಲಿಲ್ಲ.

"ಹೊಡೀರಿ ಭಾವ. ಮೊದಲು ಒಂದು ಮಾತು ಕೇಳಿ."

"ಬೊಗಳು."

"ನಿಮ್ಮ ಸುತ್ತಿಗೆ ನಿಮ್ಮ ಕೈ ಪಕ್ಕ ತಟ್ಟಿತು. ನಂಗೆ ಕಾಣ್ತು. ತಡೀಬೇಕು ಅನ್ನಿಸ್ತು. ತಡೆದ್ರೆ ನೀವು ಏನು ಮಾಡ್ತೀರಿ ಅಂತ ಈ ಕಿವಿಗೆ ಗೊತ್ತಿತ್ತು."

ತಮ್ಮ ಸಲಾಕೆ ಎತ್ತಿದ. ಅದು ಬಾಗಿಲ ಚೌಕಟ್ಟಿಗೆ ಬಿದ್ದು ಮರ ಸೀಳಿತು. ಇನ್ನೊಂದೇಟು ಹಾಕಿದ, ಅದೂ ಮರಕ್ಕೇ. ಆಮೇಲೆ ಅಲ್ಲೇ ಕುಕ್ಕರಿಸಿದ. ಹೊಲಿಗೆ ಬಿದ್ದ ಎಡಗೈ ನೋಡಿಕೊಂಡು, "ಇಕ್ಕಳ ಇನ್ನು ನನ್ನ ಕೈಲಾಗಲ್ಲ," ಅಂದ. "ಸಣ್ಣ ಸುತ್ತಿಗೆ ನೀನು ಹಿಡಿ. ಸಮ್ಮಟಿಗೆ ನಾನು ಎತ್ತುತ್ತೀನಿ."

"ಮಾಸ್ಕ್ ಹಾಕ್ಕೊಂಡು ಮಲಗಿದ್ರೆ ಮಾತ್ರ. ದಿನಾ ಅಕ್ಕನ್ನ ಕೇಳ್ತೀನಿ. ಇನ್ನು ಸಮ್ಮಟಿಗೆ ಕೆಳಗೆ ಇಕ್ಕಳ ಹಿಡಿಯೋದು ನನ್ನ ಕೈ."

ಹಾಗೆಯೇ ನಡೆಯಿತು. ತಮ್ಮನ ಕೈ ಹೆಂಡತಿಯ ಮೇಲೆ ಏಳುವುದು ಪೂರ್ತಿ ನಿಂತಿತೆಂದರೆ ಸುಳ್ಳು ಬರೆದ ಹಾಗಾಗುತ್ತದೆ, ಅಪರೂಪವಾಯಿತು. ಒಂದು ಬೆಳಿಗ್ಗೆ ಭಾಮೈದ ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿದಳು. ಹಿಂದಿನ ರಾತ್ರಿ ತಮ್ಮ ಕುಡಿದು ಬಂದು ಮಾಸ್ಕ್ ಹಾಕದೆ ಹಾಗೇ ಮಲಗಿದ್ದ. ಭಾಮೈದ ಕುಲುಮೆಗೆ ಬೀಗ ಹಾಕಿದ. ತಮ್ಮ ಬಾಗಿಲಿಗೆ ಒದ್ದ, ಬಾಯಿಗೆ ಬಂದದ್ದೆಲ್ಲ ಬೈದ, ಭಾಮೈದನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಭಾಮೈದ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಇದ್ದ. ಕೊನೆಗೆ ತಮ್ಮ ಕೈಬಿಟ್ಟು ಮನೆಗೆ ಬಂದು, ಹಾಡಹಗಲೇ ಮಾಸ್ಕ್ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ.