ಆಬೆಲನ ಅಳತೆ

ಮಿಸ್ಟಾಸಿನಿ ಸರೋವರದ ದಂಡೆಯ ನಮ್ಮ ಕ್ರೀ ಜನರಲ್ಲಿ ಹಿಮದಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವ ಹಿಮಮೆಟ್ಟು ಮಾಡುವ ಕೈಗಳು ಬೇಕಾದಷ್ಟಿದ್ದವು. ಅದನ್ನು ಮಾರುವ ನಾಲಿಗೆ ಮಾತ್ರ ಆಬೆಲನೊಬ್ಬನಿಗೇ ಇತ್ತು. ಬರ್ಚ್ ಮರದ ಪಟ್ಟಿಯನ್ನು ನೆನೆಸಿ, ಬಾಗಿಸಿ ಚೌಕಟ್ಟು ಮಾಡುವುದು ಅವನ ಕೆಲಸ. ಅದರೊಳಗೆ ಹಿಮಸಾರಂಗದ ತೊಗಲಿನ ಎಳೆಗಳಿಂದ ಬಲೆ ಹೆಣೆಯುವುದು ಹೆಂಡತಿ ಡೈನಾಳದು. ಕಾಡಿನೊಳಗಿನ ಪುಡಿಹಿಮಕ್ಕೆ ಅಗಲವಾದ, ಒತ್ತಾಗಿ ಹೆಣೆದ ಮೆಟ್ಟು ಬೇಕು. ಗಾಳಿ ಬಡಿದು ಗಟ್ಟಿಯಾದ ಸರೋವರಕ್ಕೆ ಕಿರಿದಾದ, ಚೂಪು ಮೂತಿಯದು ಸಾಕು. ವಸಂತದ ಒದ್ದೆ ಹಿಮಕ್ಕೆ ಬಲೆಯ ಕಣ್ಣು ದೊಡ್ಡದಿರಬೇಕು, ಇಲ್ಲವಾದರೆ ಕಾಲಡಿ ಮುದ್ದೆ ಕಟ್ಟುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇದರ ಮೇಲೆ ಹಾಕಿಕೊಳ್ಳುವವರ ತೂಕವನ್ನೂ ನೋಡಬೇಕು. ವ್ಯಾಪಾರ ಕೆಡುವುದು ಅಲ್ಲೇ.

ಆಬೆಲ್ ಯಾರ ತೂಕವನ್ನೂ ಕೇಳುತ್ತಿರಲಿಲ್ಲ. ಗಿರಾಕಿಯ ಹೊಟ್ಟೆಯನ್ನೊಮ್ಮೆ ನೋಡಿ, ಆಕಾಶವನ್ನೊಮ್ಮೆ ನೋಡಿ, "ಈ ವರ್ಷ ಹಿಮ ಬಹಳ ಹಗುರ ಕಣಪ್ಪಾ, ಒಂದು ಅಳತೆ ದೊಡ್ಡದೇ ತಗೋ" ಎನ್ನುತ್ತಿದ್ದ. ನಮ್ಮ ದಪ್ಪ ಜನರೆಲ್ಲ ಇಷ್ಟು ಕಾಲ ಹಿಮವನ್ನೇ ಬೈದುಕೊಂಡು ನೆಮ್ಮದಿಯಾಗಿದ್ದರು.

ಇಷ್ಟು ಬಲ್ಲವನು ತನ್ನ ಕಾಲಿಗೆ ಮಾತ್ರ ಮದುವೆಯ ಕಾಲದ ಅಳತೆಯನ್ನೇ ಉಳಿಸಿಕೊಂಡಿದ್ದ. ಹಳೆಯದು ಸವೆದಾಗಲೆಲ್ಲ ಅದೇ ಅಚ್ಚಿಗೆ ಹೊಸದನ್ನು ಬಾಗಿಸುತ್ತಿದ್ದ. ಮಧ್ಯೆ ಡೈನಾಳ ಬ್ಯಾನಕ್ ರೊಟ್ಟಿ, ಅದರ ಮೇಲೆ ಸುರಿಯುವ ಹೆಬ್ಬಾತಿನ ಕೊಬ್ಬು ಏನೇನು ಕೆಲಸ ಮಾಡಿದ್ದವೆಂದು ಆ ಅಚ್ಚಿಗೇನು ಗೊತ್ತು?

"ನಿಮಗೂ ಒಂದು ಜೊತೆ ಅಗಲದ್ದು ಮಾಡ್ಕೊಳ್ರೀ" ಎನ್ನುವಳು ಡೈನಾ.

"ಯಾಕೆ, ಹಿಮ ಹಗುರ ಆಗಿದ್ಯಾ?"

"ಹಿಮ ಹಾಗೇ ಇದೆ."

ಆಬೆಲ್ ಮತ್ತದೇ ಹಳೆಯ ಅಚ್ಚನ್ನು ಕೈಗೆತ್ತಿಕೊಳ್ಳುತ್ತಿದ್ದ.

ಆ ಚಳಿಗಾಲ ಅಳಿಯ ರೂಬೆನ್ ಸರೋವರದಾಚೆಯ ಕಾಡಿನಲ್ಲಿ ಮೂಸ್ ಎಂಬ ಭಾರಿ ಕಡವೆಯೊಂದನ್ನು ಹೊಡೆದ. ಮಾಂಸ ತರಲು ಆಬೆಲ್, ರೂಬೆನ್, ಡೈನಾಳ ತಂಗಿ ಜೆಮೈಮಾ ಹೊರಟರು. ಸಾಲಿನ ಮುಂದೆ ನಡೆದು, ಹಿಮ ತುಳಿದು ದಾರಿ ಮಾಡುವ ಜಾಗ ಎಂದಿನಿಂದಲೂ ಆಬೆಲನದು. ಆ ಜಾಗವನ್ನು ಒಮ್ಮೆ ಬಿಟ್ಟುಕೊಟ್ಟ ಗಂಡಸನ್ನು ನಮ್ಮವರು ಮರುದಿನದಿಂದಲೇ ಒಲೆಯ ಪಕ್ಕ ಬೆಚ್ಚಗೆ ಕೂರಿಸುತ್ತಾರೆ, ಮೆತ್ತನೆಯ ಮಾಂಸ ಆರಿಸಿ ಬಡಿಸುತ್ತಾರೆ, ಬೇಟೆಗೆ ಹೊರಡುವಾಗ ಎಬ್ಬಿಸುವುದಿಲ್ಲ. ಆ ಮರ್ಯಾದೆಯನ್ನು ನೆನೆದರೆ ಆಬೆಲನಿಗೆ ಅಷ್ಟು ಚಳಿಯಲ್ಲೂ ಬೆವರು.

ಸರೋವರದ ಗಟ್ಟಿ ಹಿಮದ ಮೇಲೆ ಅವನ ಕಿರಿದಾದ ಮೆಟ್ಟುಗಳು ಸರಸರನೆ ಓಡಿದವು. ಎರಡು ಸಲ ಹಿಂತಿರುಗಿ, "ಬೇಗ ಬನ್ರೋ" ಎಂದೂ ಅಂದ. ಕಾಡಿನ ಅಂಚು ಬಂತು. ಅಲ್ಲಿ ಹಿಂದಿನ ದಿನವಿಡೀ ಸುರಿದ ಹಿಮ ಜರಡಿ ಹಿಡಿದ ಹಿಟ್ಟಿನಂತೆ ಬಿದ್ದಿತ್ತು. ಮೊದಲ ಹೆಜ್ಜೆಗೆ ಮೊಣಕಾಲು ಮುಳುಗಿತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ತೊಡೆಯೂ.

"ಮಾವ, ನಾನು ಸ್ವಲ್ಪ ಮುಂದೆ ಬರ್ಲಾ?" ಎಂದ ರೂಬೆನ್, ತೀರಾ ವಿನಯದಿಂದ. ಆ ವಿನಯವೇ ಚುಚ್ಚಿತು.

"ಬೇಡ. ಕಾಲಿನ ಪಟ್ಟಿ ಸಡಿಲ ಆಗಿದೆ, ಅಷ್ಟೆ."

ಅಳಿಯನಾದವನು ಮಾವನ ಎದುರು ನಗುವಂತಿಲ್ಲ. ನಾದಿನಿಗೆ ಅಂಥ ಕಟ್ಟು ಇಲ್ಲ. ಭಾವನನ್ನು ಛೇಡಿಸುವುದು ನಮ್ಮಲ್ಲಿ ಅವಳ ಹಕ್ಕು. ಜೆಮೈಮಾ ಹಕ್ಕನ್ನು ವ್ಯರ್ಥ ಮಾಡುವವಳಲ್ಲ.

"ಭಾವ, ದಾರಿ ಮಾಡ್ತಿದ್ದೀರೋ, ಬಾವಿ ತೋಡ್ತಿದ್ದೀರೋ?"

"ಹಿಮ ಬಹಳ ಹಗುರ ಇದೆ ಕಣೇ."

"ಹೌದೌದು. ಹೋದ ವರ್ಷ ಹಾಗಂದೇ ಅಲ್ವಾ ನಂಗೆ ಈ ದೋಣಿಗಳನ್ನ ಕಟ್ಟಿದ್ದು?" ಎಂದು ತನ್ನ ಅಗಲವಾದ ಮೆಟ್ಟುಗಳನ್ನು ತೋರಿಸಿದಳು. "ಬನ್ನಿ, ಬದಲಾಯಿಸ್ಕೊಳ್ಳೋಣ. ನೀವು ತುಳಿದ ಮೇಲೆ ನಂಗೆ ನಿಮ್ಮ ಸಣ್ಣವೇ ಸಾಕು. ಆದ್ರೆ ಹಿಮದ ಮೇಲೆ ತಪ್ಪು ಹಾಕೋ ಹಾಗಿಲ್ಲ. ನಿಜ ಹೇಳ್ಬೇಕು."

ಆಬೆಲ್ ಅಳಿಯನತ್ತ ನೋಡಿದ. ರೂಬೆನ್ ಒಂದು ಸ್ಪ್ರೂಸ್ ಮರದ ತುದಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ.

"ಡೈನಾ ಅಡುಗೆ ಚೆನ್ನಾಗಿ ಮಾಡ್ತಾಳೆ."

"ಅಕ್ಕನ ವಿಷಯ ಯಾರು ಕೇಳಿದ್ರು?"

"...ನಾನು ಸ್ವಲ್ಪ ದಪ್ಪ ಆಗಿದ್ದೀನಿ."

"ಸ್ವಲ್ಪ?"

"ದಪ್ಪ ಆಗಿದ್ದೀನಿ, ಸಾಕಾ! ಬಿಚ್ಚು ಬೇಗ!"

ರೂಬೆನನಿಗೆ ಆಗಲೇ ಕೆಮ್ಮು ಬಂತು. ಬಹಳ ಹೊತ್ತಾದರೂ ನಿಲ್ಲಲಿಲ್ಲ.

ನಾದಿನಿಯ ಮೆಟ್ಟುಗಳು ಭಾವನನ್ನು ಹೊತ್ತವು. ಹಿಮ ಪಾದದ ಗಂಟಿನಲ್ಲೇ ನಿಂತಿತು. ಆಬೆಲ್ ಮತ್ತೆ ಸಾಲಿನ ಮುಂದೆ ನಡೆದ. ಹಿಂದೆ, ತುಳಿದ ದಾರಿಯ ಮೇಲೆ ಹಗುರಾಗಿ ಬರುತ್ತಿದ್ದ ಜೆಮೈಮಾಳ ಬಾಯಿಗೆ ಬಿಡುವೇ ಇರಲಿಲ್ಲ: ಬರುವ ವರ್ಷ ಭಾವನಿಗೆ ಎರಡು ದೋಣಿಗಳನ್ನೇ ಕಾಲಿಗೆ ಕಟ್ಟಬೇಕೋ ಏನೋ, ಬಲೆ ಹೆಣೆಯಲು ಒಂದು ಸಾರಂಗದ ತೊಗಲು ಸಾಲುತ್ತದೋ ಇಲ್ಲವೋ. ಅವನಿಗೆ ತಕ್ಕ ಉತ್ತರಗಳು ಒಂದರ ಮೇಲೊಂದು ಹೊಳೆಯುತ್ತಿದ್ದವು. ಆದರೆ ದಾರಿ ತುಳಿಯುವವನ ಉಸಿರು ಕಾಲಿಗೇ ಸಾಲದು, ಮಾತಾಡಬೇಕೆಂದರೆ ನಿಲ್ಲಬೇಕು. ನಿಂತರೆ ರೂಬೆನ್ ಮತ್ತೆ ವಿನಯದಿಂದ ಕೇಳಿಯೇ ಬಿಡುತ್ತಾನೆ.

ಆಬೆಲ್ ಮಾಂಸ ಇದ್ದಲ್ಲಿಯವರೆಗೆ ನಿಲ್ಲಲಿಲ್ಲ.