ಇಳಿಜಾರಿಗೆ ಮೂರು ಅಳತೆ

ಮೂರ್ತಿಯವರ ಮುಖದಲ್ಲಿ ನಗು ಕಾಣುತ್ತಿದ್ದುದು ಬೇರೆಯವರ ಕೆಲಸ ಕೆಟ್ಟಾಗ ಮಾತ್ರ. ಲೋಹದ ಬಿಡಿಭಾಗ ಮಾಡುವ ಯಶವಂತಪುರದ ನಮ್ಮ ಕಾರ್ಖಾನೆಯಲ್ಲಿ ಡ್ರಾಯಿಂಗ್ ಬರೆಯುವವರೂ ಅವರೇ, ಆದ ಕೆಲಸ ಅಳೆದು ನೋಡುವವರೂ ಅವರೇ. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದರೂ ಅವರ ಕಿವಿಯ ಮೇಲಿನ ಪೆನ್ಸಿಲ್ ಹೋಗಿರಲಿಲ್ಲ. ಅದು ಕೈಗೆ ಬಂತೆಂದರೆ ನಮ್ಮಲ್ಲೊಬ್ಬನಿಗೆ ಗ್ರಹಚಾರ ಕಾದಿದೆ ಅಂತಲೇ ಅರ್ಥ.

ಇಳಿಜಾರಿರುವ ತುಂಡಿಗೆ ಉದ್ದ, ಎತ್ತರ ಕೊಟ್ಟರೆ ಸಾಕು, ಕೋನ ತಾನಾಗಿಯೇ ಬರುತ್ತದೆ. ಈ ಮಹಾನುಭಾವರು ಮೂರನ್ನೂ ಬರೆಯುತ್ತಿದ್ದರು, ಅದೂ ದಶಾಂಶ ಬಿಟ್ಟು. ಐವತ್ತು ಮಿಲಿಮೀಟರ್ ಉದ್ದ, ಇಪ್ಪತ್ತೊಂಬತ್ತು ಎತ್ತರ, ಮೂವತ್ತು ಡಿಗ್ರಿ. ಈ ಮೂರೂ ಒಟ್ಟಿಗೆ ಯಾವ ಲೋಹದಲ್ಲೂ ಕೂರುವುದಿಲ್ಲ. ಕೋನ ಹಿಡಿದರೆ ಎತ್ತರ ಕೂದಲೆಳೆಯಷ್ಟು ಕಡಿಮೆ, ಎತ್ತರ ಹಿಡಿದರೆ ಕೋನ ತಪ್ಪು. ನಾವು ಯಾವುದನ್ನು ಹಿಡಿದೆವೋ ಅದನ್ನು ಬಿಟ್ಟು ಇನ್ನೊಂದನ್ನೇ ಅವರು ಅಳೆಯುತ್ತಿದ್ದರು. ತಪ್ಪು ಯಾವತ್ತೂ ಮಷಿನ್ ನಡೆಸುವವನದೇ. ಅವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ನನ್ನ ಪಕ್ಕದ ಮಷಿನ್ ಗಂಗಾನಗರದ ಸಮಿವುಲ್ಲಾನದು. ಕೇಳಿ ತಿಳಿದುಕೊಳ್ಳದೆ ಕೆಲಸ ಶುರು ಮಾಡುವವನಲ್ಲ. ಅಂಥದೊಂದು ತುಂಡಿನ ಡ್ರಾಯಿಂಗ್ ಹಿಡಿದು ಮೂರ್ತಿಯವರ ಹತ್ತಿರ ಹೋದ.

"ಸಾರ್, ಆಂಗಲ್ ನೋಡ್ಲಾ, ಹೈಟ್ ನೋಡ್ಲಾ? ಎರಡೂ ಕೂರಲ್ಲ."

"ದೇವ್ರು ಎರಡು ಕಣ್ಣು ಯಾಕಯ್ಯ ಕೊಟ್ಟಿರೋದು? ಎರಡೂ ನೋಡು."

ಅವನು ಕೋನ ಹಿಡಿದ. ಅಷ್ಟೂ ತುಂಡು ಮುಗಿದ ಮೇಲೆ ಮೂರ್ತಿ ಬಂದು ಎತ್ತರ ಅಳೆದರು. ಎಲ್ಲವೂ ಗುಜರಿಗೆ ಹೋಯಿತು. ಮಾಲೀಕರ ಮುಂದೆ ಎತ್ತರದ ಅಂಕಿಯ ಮೇಲೆ ಪೆನ್ಸಿಲ್ ಇಟ್ಟು, "ಬರ್ದಿದೀನಲ್ಲ ಸಾರ್, ಇವನಿಗೆ ಓದೋಕ್ ಬರಲ್ಲ" ಎಂದು ನಕ್ಕರು. ಅವನು ಮೊದಲೇ ಕೇಳಿದ್ದನೆಂದು ನಾನು ಹೇಳಿದೆ. ಮಾಲೀಕರು ಕಿವಿಗೇ ಹಾಕಿಕೊಳ್ಳಲಿಲ್ಲ. ಸಮಿವುಲ್ಲಾನ ಕೆಲಸ ಹೋಯಿತು. ಈಗ ಆಟೋ ಓಡಿಸುತ್ತಾನೆ. ಆಮೇಲೆ ನಾನು ಹಾಕಿಕೊಂಡ ಸ್ವಂತ ವರ್ಕ್‌ಶಾಪಿಗೆ ಬಾರೋ ಎಂದು ಎಷ್ಟು ಕರೆದರೂ, "ಬೇಡ ಗುರು, ಮಷಿನ್ ಸಾವಾಸ ಸಾಕು" ಅನ್ನುತ್ತಾನೆ.

ಕೊಡಿಗೇಹಳ್ಳಿಯ ಆ ಸಣ್ಣ ವರ್ಕ್‌ಶಾಪಿಗೆ ಹೋದ ತಿಂಗಳು ಮೂರ್ತಿ ಬಂದರು. ನಿವೃತ್ತರಾಗಿದ್ದಾರೆ, ಪೆನ್ಸಿಲ್ ಇನ್ನೂ ಕಿವಿಯ ಮೇಲೇ ಇದೆ. ಹೆಂಡತಿ ಈಗ ಗಾಲಿಕುರ್ಚಿಯಲ್ಲೇ ಓಡಾಡುವುದಂತೆ, ಹೊಸ್ತಿಲು ದಾಟಿಸಲು ಕಬ್ಬಿಣದ ಇಳಿಜಾರು ಬೇಕು. ಡ್ರಾಯಿಂಗ್ ಹರಡಿದರು. ಉದ್ದ ಮತ್ತು ಎತ್ತರ, ಎರಡೇ. ಎತ್ತರದ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ, 'ಇದು ಮುಖ್ಯ, ಹೊಸ್ತಿಲಿಗೆ ಸಮ ಬರಬೇಕು.' ನನ್ನ ಮೈ ಉರಿದುಹೋಯಿತು.

"ಆಂಗಲ್ ಎಲ್ಲಿ ಸಾರ್?"

"ಅದ್ಯಾಕಯ್ಯ? ಎರಡು ಕೊಟ್ರೆ ಅದೇ ಬರುತ್ತಲ್ಲ."

"ಸಮಿವುಲ್ಲಾಗೂ ಹಿಂಗೇ ಕೊಡ್ಬೋದಿತ್ತಲ್ಲ?"

ಅದು ಯಾರೆಂದು ನೆನಪಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಅದು ಫ್ಯಾಕ್ಟ್ರಿ ಕಣಯ್ಯ. ಇದು ಮನೆ."

ಮಾಡಿಕೊಟ್ಟೆ. ಆ ತಾಯಿ ಯಾರಿಗೇನು ಕೆಡುಕು ಮಾಡಿದ್ದರು? ಕೆಲಸ ಮುಗಿಯುವವರೆಗೂ ಮೂರ್ತಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಸ್ಟೂಲು ಖಾಲಿ ಇತ್ತು. ಕೂತ್ಕೊಳ್ಳಿ ಅನ್ನಲಿಲ್ಲ.